ಬೆಲ್ಲ ತಿಂದರೆ ಎದೆಗೆ ಹೋದ ಕಲ್ಲುಪುಡಿ ಇಳಿದುಹೋಗುತ್ತದೆಯೇ?

ಧೂಳಿನ ಕೆಲಸ ಮುಗಿಸಿ ಬಂದವರು ಒಂದು ಉಂಡೆ ಬೆಲ್ಲ ತಿಂದು ಮೇಲೊಂದು ಲೋಟ ಬಿಸಿನೀರು ಕುಡಿದರೆ ಸಾಕು, ದಿನವಿಡೀ ಶ್ವಾಸಕೋಶಕ್ಕೆ ಹೋದ ಧೂಳೆಲ್ಲ ರಾತ್ರಿಯೊಳಗೆ ಹೊರಗೆ ಬರುತ್ತದೆ. ಈ ಅರ್ಥದ ಮೆಸೇಜು ನಿಮ್ಮ ಫೋನಿಗೂ ಬಂದಿರಬಹುದು. ಕೆಲವದರಲ್ಲಿ ಬೆಲ್ಲದ ಜೊತೆ ಶುಂಠಿ ಇರುತ್ತದೆ, ಕೆಲವದರಲ್ಲಿ ಅರಿಶಿನ. ಕೊನೆಯಲ್ಲಿ ‘ಇಮ್ಯುನಿಟಿ ಹೆಚ್ಚುತ್ತದೆ, ಹತ್ತು ಜನಕ್ಕೆ ಕಳುಹಿಸಿ’ ಎಂಬ ಸಾಲು ಮಾತ್ರ ತಪ್ಪುವುದಿಲ್ಲ.

ಇದು ವಾಟ್ಸಾಪ್ ಹುಟ್ಟುಹಾಕಿದ ನಂಬಿಕೆಯಲ್ಲ. ಗಣಿ, ಕಲ್ಲುಕ್ವಾರಿ, ಗಿರಣಿಗಳಲ್ಲಿ ದುಡಿಯುವವರ ನಡುವೆ ಇದು ಬಹಳ ಹಿಂದಿನಿಂದ ಇದೆ. ಕೆಲವು ಕಡೆ ಕೂಲಿಯ ಜೊತೆ ಬೆಲ್ಲ ಕೊಡುವ ರೂಢಿಯೂ ಇದೆ. ಹಾಗಾಗಿ ‘ಸುಳ್ಳು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದಕ್ಕಿಂತ, ಧೂಳು ಒಳಗೆ ಹೋದ ಮೇಲೆ ನಿಜವಾಗಿ ಏನಾಗುತ್ತದೆ ಎಂದು ನೋಡೋಣ. ಆ ಕಥೆ ಬೆಲ್ಲದ ಕಥೆಗಿಂತ ಸ್ವಾರಸ್ಯವಾಗಿದೆ. ಅದನ್ನು ತಿಳಿದವರಿಗೆ ‘ಇಮ್ಯುನಿಟಿ ಬೂಸ್ಟರ್’ ಎಂಬ ಮಾತೇ ವಿಚಿತ್ರವಾಗಿ ಕೇಳಿಸಲು ಶುರುವಾಗುತ್ತದೆ.

ಈ ಮಾತು ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ಯಾಕೆ ಮುಖ್ಯ

ಚಿಕ್ಕಮಗಳೂರು ಜಿಲ್ಲೆ ಎಂದರೆ ಕಾಫಿ, ಮಳೆ, ಮಂಜು ಎಂದುಕೊಳ್ಳುವವರು ಒಮ್ಮೆ ಬೇಸಿಗೆಯಲ್ಲಿ ಕಡೂರಿಗೆ ಬರಬೇಕು. ಬಾಬಾಬುಡನ್‌ಗಿರಿಯ ಮಳೆ ಗುಡ್ಡದ ಆಚೆಗೇ ಮುಗಿದು, ಈಚೆಗೆ ಬಯಲುಸೀಮೆ ಶುರುವಾಗುತ್ತದೆ. ತೆಂಗು ಉಳಿಸಿಕೊಳ್ಳಲು ಕೊರೆಸಿದ ಬೋರ್‌ವೆಲ್‌ಗಳಿಗೆ ಇಲ್ಲಿ ಲೆಕ್ಕವಿಲ್ಲ. ರಿಗ್ ಲಾರಿ ಬಂದು ಕೊರೆಯಲು ಶುರು ಮಾಡಿದರೆ, ನೀರು ಸಿಗುವವರೆಗೂ ಬಾಯಿಂದ ಹೊರಬರುವುದು ಬಿಳಿ ಹಿಟ್ಟಿನಂಥ ಪುಡಿ. ಅಕ್ಕಪಕ್ಕದ ಗಿಡಗಳೆಲ್ಲ ವಿಭೂತಿ ಬಳಿದುಕೊಂಡಂತೆ ಕಾಣುತ್ತವೆ. ಅಲ್ಲೇ ನಿಂತು ಕೆಲಸ ಮಾಡುವ ಹುಡುಗರ ಮುಖವೂ ಹಾಗೆಯೇ.

ತರೀಕೆರೆ ಕಡೆಯ ಗುಡ್ಡಗಳ ಕಥೆ ಬೇರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬಂದದ್ದು ಇದೇ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಬಾಬಾಬುಡನ್ ಸಾಲಿನ ಅದಿರಿನ ಬಂಡೆಯನ್ನು ಒಡೆದು ನೋಡಿದರೆ ಕೆಂಪು-ಕಪ್ಪು ಕಬ್ಬಿಣದ ಪದರಗಳ ನಡುನಡುವೆ ಬೆಣಚುಕಲ್ಲಿನ ಪದರಗಳು ಕಾಣುತ್ತವೆ. ಅಜ್ಜಂಪುರದ ಬಳಿ ಭದ್ರಾ ಮೇಲ್ದಂಡೆ ಯೋಜನೆಗಾಗಿ ಗುಡ್ಡದೊಳಗೆ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗವನ್ನೇ ಕೊರೆದಿದ್ದಾರೆ. ಇವುಗಳ ಜೊತೆ ಜಲ್ಲಿ ಕ್ರಷರ್, ಎಂ-ಸ್ಯಾಂಡ್, ರಸ್ತೆ ಅಗಲೀಕರಣ, ಮನೆ ಕಟ್ಟುವಲ್ಲಿ ಗ್ರಾನೈಟ್ ಮತ್ತು ಟೈಲ್ಸ್ ಕತ್ತರಿಸುವ ಮಷಿನ್ನು. ಇವೆಲ್ಲದರಲ್ಲೂ ಹಾರುವುದು ಕಲ್ಲಿನ ಪುಡಿ. ಆ ಪುಡಿಯಲ್ಲಿ ಭಯಪಡಬೇಕಾದ ಅಂಶ ಒಂದೇ: ಬೆಣಚುಕಲ್ಲು, ಅಂದರೆ ಹರಳು ರೂಪದ ಸಿಲಿಕಾ.

ರಾಗಿ ಒಕ್ಕಣೆ, ಅಡಿಕೆ ಸುಲಿಯುವ ಶೆಡ್ಡು, ಹಿಟ್ಟಿನ ಗಿರಣಿ ಇವುಗಳ ಧೂಳಿನ ವಿಷಯವೇನು ಎಂದು ನೀವು ಕೇಳಬಹುದು. ಅದೂ ತೊಂದರೆಯೇ. ಬೂಷ್ಟು ಹಿಡಿದ ಹುಲ್ಲಿನ ಧೂಳಿನಿಂದ ಅಲರ್ಜಿಯಂಥ ಶ್ವಾಸಕೋಶದ ಉರಿಯೂತ ಬರುತ್ತದೆ, ಆಸ್ತಮಾ ಕೆರಳುತ್ತದೆ. ಹುಲ್ಲಿನಲ್ಲಿ, ಭತ್ತದ ಹೊಟ್ಟಿನಲ್ಲಿ ಸಿಲಿಕಾ ಇರುವುದೂ ನಿಜ. ಆದರೆ ಗಿಡದೊಳಗಿನ ಸಿಲಿಕಾ ಹರಳುಗಟ್ಟಿರುವುದಿಲ್ಲ, ಕಲ್ಲಿನ ಸಿಲಿಕಾದಷ್ಟು ಕೇಡನ್ನೂ ಮಾಡುವುದಿಲ್ಲ. ಅದನ್ನು ಇಲ್ಲಿಗೇ ಬಿಟ್ಟು ಕಲ್ಲಿನ ಕಡೆ ಹೋಗೋಣ.

ಬೆಲ್ಲ ಹೋಗುವ ದಾರಿ, ಧೂಳು ಹೋಗುವ ದಾರಿ

ಗಂಟಲಿನ ಕೆಳಗೆ ದಾರಿ ಎರಡಾಗುತ್ತದೆ. ಬೆಲ್ಲ ಅನ್ನನಾಳಕ್ಕೆ, ಧೂಳು ಶ್ವಾಸನಾಳಕ್ಕೆ. ನುಂಗಿದ ಬೆಲ್ಲ ಶ್ವಾಸಕೋಶವನ್ನು ಮುಟ್ಟುವುದೇ ಇಲ್ಲ. ಒಣಗಿದ ಗಂಟಲಿಗೆ ಸಿಹಿ ಬಿದ್ದಾಗ ಜೊಲ್ಲು ಊರುತ್ತದೆ, ಗಂಟಲಿನಲ್ಲಿ ಅಂಟಿದ್ದ ಕಫ ಸಡಿಲವಾಗುತ್ತದೆ, ಸುಸ್ತಾದ ಮೈಗೆ ಸ್ವಲ್ಪ ಶಕ್ತಿ ಬರುತ್ತದೆ. ‘ಹಾಯೆನಿಸಿತು’ ಎಂಬ ಅನುಭವ ಸುಳ್ಳಲ್ಲ. ಆದರೆ ಅದು ಗಂಟಲಿನ ಅನುಭವ.

ದಪ್ಪ ಧೂಳು ಮೂಗಿನಲ್ಲೇ ಸಿಕ್ಕಿಬೀಳುತ್ತದೆ. ಮೂಗು ಸೀಟಿದರೆ ಕಪ್ಪಗೆ ಬರುವುದು ಅದೇ. ಅದಕ್ಕಿಂತ ಸಣ್ಣದು ಶ್ವಾಸನಾಳದ ಗೋಡೆಗೆ ಅಂಟುತ್ತದೆ. ಅಲ್ಲಿ ರೋಮದಂಥ ಎಳೆಗಳು ಸದಾ ಮೇಲಕ್ಕೆ ಬೀಸುತ್ತಾ ಲೋಳೆಯನ್ನು ಗಂಟಲಿನತ್ತ ತಳ್ಳುತ್ತಿರುತ್ತವೆ, ನಾವು ಅದನ್ನು ಉಗುಳುತ್ತೇವೆ ಇಲ್ಲವೇ ಗೊತ್ತಿಲ್ಲದೆ ನುಂಗುತ್ತೇವೆ. ಈ ವ್ಯವಸ್ಥೆ ಬೆಲ್ಲವಿಲ್ಲದೆಯೂ ನಡೆಯುತ್ತದೆ. ಬೀಡಿ ಸೇದುವವರಲ್ಲಿ ಮಾತ್ರ ಈ ಎಳೆಗಳೇ ಸೊರಗಿರುತ್ತವೆ.

ತೊಂದರೆ ಇರುವುದು ಇದಕ್ಕಿಂತಲೂ ಸಣ್ಣ ಪುಡಿಯಲ್ಲಿ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದರ ಹದಿನೈದನೇ ಒಂದು ಭಾಗದಷ್ಟು, ಅಂದರೆ 5 ಮೈಕ್ರಾನಿಗಿಂತ ಸಣ್ಣ ಕಣಗಳು ಎಲ್ಲ ಜರಡಿಗಳನ್ನೂ ದಾಟಿ ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ತಲುಪುತ್ತವೆ. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲೇ. ಅಲ್ಲಿ ಲೋಳೆಯೂ ಇಲ್ಲ, ಬೀಸುವ ಎಳೆಗಳೂ ಇಲ್ಲ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಅಪಾಯ ಎನ್ನುವುದು ಇದಕ್ಕೇ.

ಅಲ್ಲಿರುವುದು ಕಾವಲುಗಾರ ಕೋಶಗಳು. ವೈದ್ಯರು ಮ್ಯಾಕ್ರೋಫೇಜ್ ಎನ್ನುತ್ತಾರೆ. ಆ ಗ್ರೀಕ್ ಮಾತಿನ ಅರ್ಥ ‘ದೊಡ್ಡ ತಿನ್ನಪ್ಪ’ ಎಂದೇ.

ಅಗಿಯದೆ ನುಂಗುವ ಕೋಶ

ಕಡೂರಿನವರಿಗೆ ಈ ಕೋಶದ ಕೆಲಸ ವಿವರಿಸುವುದು ಸುಲಭ. ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಮ್ಯಾಕ್ರೋಫೇಜಿಗೂ ಹಲ್ಲಿಲ್ಲ. ಅದು ಇಡೀ ಕಣವನ್ನೇ ನುಂಗಿ, ಒಳಗೆ ಇಟ್ಟುಕೊಂಡು ಕರಗಿಸುತ್ತದೆ.

ಇದನ್ನು ಮೊದಲು ಸರಿಯಾಗಿ ಗುರುತಿಸಿದವನು ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕೋವ್. 1882ರಲ್ಲಿ ಇಟಲಿಯ ಮೆಸಿನಾದಲ್ಲಿದ್ದಾಗ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಕಿತ್ತಳೆ ಜಾತಿಯ ಗಿಡದ ಮುಳ್ಳು ಚುಚ್ಚಿಟ್ಟ. ಮರುದಿನ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ಕಾಲಿಗೆ ಮುಳ್ಳು ಚುಚ್ಚಿ ಕೀವು ತುಂಬಿದ ಯಾರಿಗಾದರೂ ಈ ದೃಶ್ಯ ಹೊಸದಲ್ಲ, ಆದರೆ ಅದರ ಅರ್ಥ ಹೊಳೆದದ್ದು ಅವನಿಗೆ. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಹಂಚಿಕೊಂಡ.

ನೋಡಲು ಸರಳವಾದ ಈ ‘ನುಂಗು’ವಿಕೆಯ ಹಿಂದೆ ನೂರಾರು ಪ್ರೋಟೀನುಗಳ ಮಾತುಕತೆ ಇದೆ. ಕಳೆದ ಕೆಲವು ದಶಕಗಳ ಸಂಶೋಧನೆ ಬಿಡಿಸಿಟ್ಟದ್ದು ಅದನ್ನೇ. ಹೆಚ್ಚು ಅಧ್ಯಯನವಾಗಿರುವ ಉದಾಹರಣೆ, ಪ್ರತಿಕಾಯ ಅಂಟಿಕೊಂಡ ಬ್ಯಾಕ್ಟೀರಿಯಾ. ಕೋಶದ ಮೈಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿರುತ್ತವೆ. ಬ್ಯಾಕ್ಟೀರಿಯಾಕ್ಕೆ ಅಂಟಿದ ಪ್ರತಿಕಾಯದ ಬಾಲ ಗ್ರಾಹಕಕ್ಕೆ ಸಿಕ್ಕಿಕೊಂಡ ಕೂಡಲೇ, ಕೋಶದ ಒಳಗಿರುವ ಗ್ರಾಹಕದ ತುದಿಗೆ ಒಂದು ಫಾಸ್ಫೇಟ್ ಗುಂಪು ಅಂಟುತ್ತದೆ. ಅಂಟಿಸುವವು ಕೈನೇಸ್ ಎಂಬ ಕಿಣ್ವಗಳು, ಕೀಳುವವು ಫಾಸ್ಫಟೇಸ್ ಎಂಬ ಕಿಣ್ವಗಳು. ಅಂಟಿಸಿದರೆ ಸ್ವಿಚ್ ಆನ್, ಕಿತ್ತರೆ ಆಫ್ ಎಂದುಕೊಳ್ಳಿ. ಸುಮ್ಮನಿದ್ದಾಗಲೂ ಕೋಶದಲ್ಲಿ ಇವೆರಡೂ ಕೆಲಸ ಮಾಡುತ್ತಲೇ ಇರುತ್ತವೆ, ಆಫ್ ಮಾಡುವವರ ಕೈ ಮೇಲಾಗಿರುತ್ತದೆ ಅಷ್ಟೇ. ಹಾಗಾಗಿ ಹಾದುಹೋಗುವ ಪ್ರತಿಯೊಂದಕ್ಕೂ ಕೋಶ ಕೆರಳುವುದಿಲ್ಲ.

ಹಾಗಾದರೆ ಕಣ ಬಂದಾಗ ಆನ್ ಗೆಲ್ಲುವುದು ಹೇಗೆ? ಇದಕ್ಕೆ ಒಂದು ಉತ್ತರ 2011ರಲ್ಲಿ ಬಂತು, ಶಿಲೀಂಧ್ರದ ಗೋಡೆಯನ್ನು ಗುರುತಿಸುವ ಗ್ರಾಹಕದ ಮೇಲೆ ನಡೆದ ಕೆಲಸದಿಂದ. ಆಫ್ ಮಾಡುವ ಕೆಲವು ಕಿಣ್ವಗಳು ಕೋಶದ ಮೈಮೇಲೆ ಎತ್ತರವಾಗಿ ಎದ್ದುನಿಂತಿರುತ್ತವೆ. ಗಟ್ಟಿ ಕಣ ಬಂದು ಒತ್ತಿಕೊಂಡಾಗ ಕೋಶಕ್ಕೂ ಕಣಕ್ಕೂ ನಡುವಿನ ಜಾಗ ಕಿರಿದಾಗಿ, ಆ ಎತ್ತರದವು ಬದಿಗೆ ಸರಿಯಬೇಕಾಗುತ್ತದೆ. ತುಂಬಿದ ಬಸ್ಸಿನಲ್ಲಿ ದೊಡ್ಡ ಮೂಟೆ ಹೊತ್ತವನನ್ನು ಬಾಗಿಲಿನಿಂದ ಆಚೆಗೆ ತಳ್ಳಿದ ಹಾಗೆ. ಅವು ಸರಿದ ಜಾಗದಲ್ಲಿ ಆನ್ ಮಾಡುವವರದ್ದೇ ರಾಜ್ಯ. ಶಿಲೀಂಧ್ರದ ಗೋಡೆಯ ತುಣುಕು ದ್ರವದಲ್ಲಿ ಕರಗಿ ತೇಲುತ್ತಿದ್ದರೆ ಕೋಶ ಸುಮ್ಮನಿರುತ್ತದೆ, ಗಟ್ಟಿ ಕಣವಾಗಿ ಬಂದರೆ ನುಂಗುತ್ತದೆ. ಮುಟ್ಟಿನೋಡಿಯೇ ಇದು ಕರಗಿದ್ದೋ ಗಟ್ಟಿಯೋ ಎಂದು ತಿಳಿಯುವ ಉಪಾಯ ಇದು.

ಮುಂದಿನದು ಹೋಳಿಗೆ ತಟ್ಟಿದಂತೆ. ಹೂರಣದ ಉಂಡೆಯ ಸುತ್ತ ಕಣಕವನ್ನು ಎಳೆದೆಳೆದು ಮುಚ್ಚುತ್ತೇವಲ್ಲ, ಹಾಗೆ ಕೋಶದ ಪೊರೆ ಕಣದ ಸುತ್ತ ಏರುತ್ತದೆ. ಏರಿಸುವ ಶಕ್ತಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳದ್ದು. ಇಲ್ಲೂ ಒಂದು ಸೂಕ್ಷ್ಮವಿದೆ. ಅಂಚಿನಲ್ಲಿ ಆಕ್ಟಿನ್ ಕಟ್ಟುತ್ತಾ ಹೋಗಬೇಕು, ಅದೇ ಹೊತ್ತಿಗೆ ಬುಡದಲ್ಲಿ ಬಿಚ್ಚುತ್ತಾ ಬರಬೇಕು. ದೊಡ್ಡ ಕಣವಾದರೆ ಬುಡದಲ್ಲಿ ಬಿಚ್ಚುವ ಸಂಕೇತ ಕೈಕೊಟ್ಟಾಗ ನುಂಗುವುದು ಅರ್ಧಕ್ಕೇ ನಿಲ್ಲುತ್ತದೆ. 1970ರ ದಶಕದ ಒಂದು ಹಳೆಯ ಪ್ರಯೋಗ ಇನ್ನೂ ಚೆಂದ: ಗುರಿಯ ಒಂದು ಬದಿಗೆ ಮಾತ್ರ ಪ್ರತಿಕಾಯ ಅಂಟಿರುವಂತೆ ಮಾಡಿದರೆ, ಮ್ಯಾಕ್ರೋಫೇಜ್ ಅಲ್ಲಿಯವರೆಗೆ ಮಾತ್ರ ಪೊರೆ ಎಳೆದು ನಿಲ್ಲಿಸುತ್ತದೆ, ಜಿಪ್ ಅರ್ಧಕ್ಕೆ ಸಿಕ್ಕಿಕೊಂಡ ಹಾಗೆ. ಅಂದರೆ ಒಮ್ಮೆ ಶುರುವಾದರೆ ತಾನೇ ಓಡುವ ಯಂತ್ರ ಇದಲ್ಲ, ಹೆಜ್ಜೆಹೆಜ್ಜೆಗೂ ಒಪ್ಪಿಗೆ ಕೇಳುವ ಕೆಲಸ.

ಬೇಡ ಎನ್ನುವ ಸಂಕೇತಗಳೂ ಅಷ್ಟೇ ಮುಖ್ಯ. ನಮ್ಮ ಸ್ವಂತ ಕೆಂಪು ರಕ್ತಕಣಗಳ ಮೈಮೇಲೆ ಸಿಡಿ47 ಎಂಬ ಪ್ರೋಟೀನು ಇದೆ. ‘ನಾನು ಮನೆಯವನು, ತಿನ್ನಬೇಡ’ ಎಂಬ ಗುರುತಿನ ಚೀಟಿ ಅದು. ಗಾಳಿಗೂಡುಗಳಲ್ಲಂತೂ ಬ್ರೇಕು ಇನ್ನೂ ಬಿಗಿ. ಗೂಡು ಅಂಟಿಕೊಳ್ಳದಂತೆ ಒಳಗೋಡೆಗೆ ಹಚ್ಚಿರುವ ಜಿಡ್ಡಿನಂಥ ದ್ರವದಲ್ಲಿರುವ ಪ್ರೋಟೀನುಗಳೇ ಅಲ್ಲಿನ ಮ್ಯಾಕ್ರೋಫೇಜುಗಳನ್ನು ತಣ್ಣಗಿಡುತ್ತವೆ. ದಿನಕ್ಕೆ ಸಾವಿರಾರು ಲೀಟರ್ ಗಾಳಿ ಬಂದುಹೋಗುವ ಜಾಗ ಅದು. ಬಂದ ಪ್ರತಿ ಕಣಕ್ಕೂ ಉರಿಯೂತ ಎಬ್ಬಿಸಿದರೆ ನಾವು ಉಸಿರಾಡುವುದೇ ಕಷ್ಟ. ಅಡುಗೆ ಹೊಗೆಯ ಮಸಿ, ರಸ್ತೆಯ ಮಣ್ಣು ಇವನ್ನು ಈ ಕೋಶಗಳು ಸದ್ದಿಲ್ಲದೆ ನುಂಗಿ ಇಟ್ಟುಕೊಳ್ಳುತ್ತವೆ ಅಥವಾ ಮೇಲಕ್ಕೆ ಸಾಗಿಸುತ್ತವೆ. ಅದಕ್ಕೂ ತಿಂಗಳುಗಳೇ ಬೇಕು, ಕೆಲವೊಮ್ಮೆ ವರ್ಷಗಳು. ‘ರಾತ್ರಿಯೊಳಗೆ ಕ್ಲೀನ್’ ಎಂಬುದು ಇಲ್ಲಿಗೇ ಬಿದ್ದುಹೋಯಿತು.

ಈಗ ಹೇಳಿ, ಇಂಥ ಕೋಶಕ್ಕೆ ‘ಬೂಸ್ಟ್’ ಕೊಡುವುದೆಂದರೆ ಏನು? ಬ್ರೇಕು ಕಿತ್ತುಹಾಕುವುದೇ?

ಕರಗದ ಮುದ್ದೆ

ನುಂಗಿದ ಕಣ ಒಂದು ಚೀಲದಲ್ಲಿ ಇರುತ್ತದೆ. ಲೈಸೋಸೋಮ್ ಎಂಬ ಇನ್ನೊಂದು ಚೀಲ ಬಂದು ಅದಕ್ಕೆ ಸೇರುತ್ತದೆ, ಆಮ್ಲ ಮತ್ತು ಜೀರ್ಣಿಸುವ ಕಿಣ್ವಗಳನ್ನು ಸುರಿಯುತ್ತದೆ. ಬ್ಯಾಕ್ಟೀರಿಯಾ ಆದರೆ ಕರಗಿಹೋಗುತ್ತದೆ, ಕಥೆ ಮುಗಿಯಿತು.

ಬೆಣಚುಕಲ್ಲು ಆಮ್ಲಕ್ಕೆ ಜಗ್ಗುವುದಿಲ್ಲ. ಅಷ್ಟೇ ಆಗಿದ್ದರೆ ಮಸಿಯ ಹಾಗೆ ಬಿದ್ದಿರುತ್ತಿತ್ತು. ಆದರೆ ಹರಳು ಸಿಲಿಕಾದ ಮೇಲ್ಮೈ ಚೀಲದ ಪೊರೆಯನ್ನೇ ಕೆಡಿಸುತ್ತದೆ, ಅದರಲ್ಲೂ ಈಗಷ್ಟೇ ಒಡೆದ ಕಲ್ಲಿನ ಹೊಸ ಮೇಲ್ಮೈ. ಹೊಲದಲ್ಲಿ ವರ್ಷಗಟ್ಟಲೆ ಬಿಸಿಲು-ಮಳೆಗೆ ಬಿದ್ದ ಮರಳಿನ ಧೂಳಿಗಿಂತ ಡ್ರಿಲ್ಲಿನಿಂದ, ಕಟಿಂಗ್ ಮಷಿನ್ನಿನಿಂದ ಆ ಕ್ಷಣಕ್ಕೆ ಹುಟ್ಟಿದ ಪುಡಿ ಹೆಚ್ಚು ವಿಷಕಾರಿ ಎನ್ನುವುದಕ್ಕೆ ಇದೇ ಕಾರಣ.

ಚೀಲ ಸೀಳಿತು, ಒಳಗಿನ ಕಿಣ್ವಗಳು ಕೋಶದೊಳಗೇ ಸೋರಿದವು. 2008ರಲ್ಲಿ ಬೇರೆಬೇರೆ ದೇಶಗಳ ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಟ್ಟಿಗೇ ತೋರಿಸಿದ ಸಂಗತಿ ಎಂದರೆ, ಸಿಲಿಕಾ ನುಂಗಿದ ಮ್ಯಾಕ್ರೋಫೇಜಿನಲ್ಲಿ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನು ಎಚ್ಚರಗೊಳ್ಳುತ್ತದೆ. ಅದು ಇತರ ಪ್ರೋಟೀನುಗಳನ್ನು ಜೊತೆಗೆ ಸೇರಿಸಿ ಒಂದು ದೊಡ್ಡ ಕೂಟ ಕಟ್ಟುತ್ತದೆ. ಇನ್‌ಫ್ಲಮಸೋಮ್ ಎಂದು ಅದಕ್ಕೆ ಹೆಸರು. ಆ ಕೂಟ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶ ಪ್ರೋಟೀನನ್ನು ಕತ್ತರಿಸಿ ಕೆಲಸಕ್ಕೆ ಸಿದ್ಧಮಾಡುತ್ತದೆ. ಇದು ದೇಹದ ಅತಿ ಜೋರಿನ ಕೂಗುಗಳಲ್ಲಿ ಒಂದು. ಜ್ವರ ಬರಿಸುವುದೂ, ಉರಿಯೂತ ಎಬ್ಬಿಸುವುದೂ ಇದೇ. ಇಷ್ಟು ಅಪಾಯದ ಗಂಟೆಯನ್ನು ಸುಲಭಕ್ಕೆ ಬಾರಿಸಬಾರದೆಂದು ಕೋಶದಲ್ಲಿ ಎರಡು ಬೀಗಗಳಿವೆ. ಸೋಂಕಿನಂಥ ಒಂದು ಮೊದಲ ಸಂಕೇತ ಬಂದರೆ ಮಾತ್ರ ಸಾಮಗ್ರಿ ತಯಾರಾಗುತ್ತದೆ, ಚೀಲ ಸೀಳಿದಂಥ ಎರಡನೇ ಸಂಕೇತ ಬಂದರೆ ಮಾತ್ರ ಕೂಟ ಕಟ್ಟುತ್ತದೆ. ದಿನವೂ ಕಲ್ಲುಪುಡಿ ಕುಡಿಯುವವನ ಶ್ವಾಸಕೋಶದಲ್ಲಿ ಎರಡನೇ ಬೀಗ ಸದಾ ತೆರೆದೇ ಇರುತ್ತದೆ.

ಕೊನೆಗೆ ಆ ಕೋಶವೇ ಒಡೆದು ಸಾಯುತ್ತದೆ. ಸತ್ತ ಕೋಶದಿಂದ ಹೊರಬಿದ್ದ ಸಿಲಿಕಾ ಕಣ ಮಾತ್ರ ಮೊದಲಿನಂತೆಯೇ ಇರುತ್ತದೆ. ಅದನ್ನು ಇನ್ನೊಂದು ಮ್ಯಾಕ್ರೋಫೇಜ್ ಬಂದು ನುಂಗುತ್ತದೆ. ಅದೂ ಸಾಯುತ್ತದೆ. ಮತ್ತೊಂದು ಬರುತ್ತದೆ. ಕಣ ಒಂದೇ, ಬಲಿ ಹೋಗುವ ಕೋಶಗಳು ಎಷ್ಟೋ. ಪ್ರತಿ ಸಲವೂ ಬಿಡುಗಡೆಯಾಗುವ ಸಂದೇಶ ಪ್ರೋಟೀನುಗಳು ಅಕ್ಕಪಕ್ಕದ ಕೋಶಗಳಿಗೆ ‘ಗಾಯವಾಗಿದೆ, ನಾರು ಹೊಲಿಯಿರಿ’ ಎಂದು ಹೇಳುತ್ತಲೇ ಇರುತ್ತವೆ. ಅವು ಕೊಲಾಜೆನ್ ನಾರು ಹಾಕುತ್ತಾ ಹೋಗುತ್ತವೆ. ಸ್ಪಂಜಿನಂತಿದ್ದ ಶ್ವಾಸಕೋಶದಲ್ಲಿ ಈರುಳ್ಳಿಯ ಪದರಗಳಂಥ ಗಟ್ಟಿ ಗಂಟುಗಳು ಏಳುತ್ತವೆ. ಇದೇ ಸಿಲಿಕೋಸಿಸ್.

ಕೆಲಸ ಬಿಟ್ಟಮೇಲೂ ಇದು ಮುಂದುವರಿಯಬಹುದು, ಏಕೆಂದರೆ ಕಣ ಒಳಗೇ ಇದೆ. ನಾರುಗಟ್ಟಿದ ಭಾಗವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಧೂಳು ತೀರಾ ಹೆಚ್ಚಾಗಿದ್ದರೆ ಕೆಲವೇ ತಿಂಗಳುಗಳಲ್ಲಿ, ಕಡಿಮೆ ಇದ್ದರೆ 10 ವರ್ಷಗಳಾದ ಮೇಲೆ ಇದು ಕಾಣಿಸಿಕೊಳ್ಳುತ್ತದೆ. ‘ನಾನು ಐದು ವರ್ಷದಿಂದ ಬೆಲ್ಲ ತಿಂದೇ ಕ್ರಷರ್‌ನಲ್ಲಿ ಕೆಲಸ ಮಾಡ್ತಿದ್ದೀನಿ, ಏನೂ ಆಗಿಲ್ಲ’ ಎಂಬ ಸಾಕ್ಷಿಗೆ ಬೆಲೆ ಇಲ್ಲದಿರುವುದು ಇದಕ್ಕೆ. ಐದು ವರ್ಷ ಏನೂ ಕಾಣದಿರುವುದು ಈ ಕಾಯಿಲೆಯ ಸಹಜ ನಡೆ.

ಕೋಲಾರ ಮೊದಲೇ ಕಂಡದ್ದು

ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ನಮ್ಮ ರಾಜ್ಯದಿಂದಲೇ, 1934ರಲ್ಲಿ ಕೋಲಾರದ ಚಿನ್ನದ ಗಣಿಗಳಿಂದ. ಅಲ್ಲಿ ಚಿನ್ನ ಸಿಗುವುದೇ ಬೆಣಚುಕಲ್ಲಿನ ಸಾಲುಗಳಲ್ಲಿ. 1940ರ ದಶಕದಲ್ಲಿ 7,600ಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇ. 40ಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡುಬಂತು. ಇಂದಿಗೂ ಆ ಅಂಕಿ ಓದಿದರೆ ಒಂದು ಗಳಿಗೆ ಸುಮ್ಮನಾಗಬೇಕಾಗುತ್ತದೆ. ಗಣಿ ಮುಚ್ಚಿದ್ದು 2001ರಲ್ಲಿ.

ಸುರಂಗದ ಕೆಲಸದ್ದು ಇನ್ನೊಂದು ಕಥೆ. ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ 1930ರಲ್ಲಿ ನೀರು ತಿರುಗಿಸಲು ಹಾಕ್ಸ್ ನೆಸ್ಟ್ ಎಂಬಲ್ಲಿ ಬೆಟ್ಟ ಕೊರೆದರು. ಬೆಟ್ಟದ ತುಂಬ ಸಿಲಿಕಾ ಇತ್ತು, ಕೊರೆದದ್ದು ಒಣಗಿದಂತೆಯೇ, ನೀರು ಹಾಕದೆ. ನೂರಾರು ಕಾರ್ಮಿಕರು ಸತ್ತರು, ಬಹಳಷ್ಟು ಜನ ಕೆಲವೇ ತಿಂಗಳು ದುಡಿದವರು, ಹೆಚ್ಚಿನವರು ಕರಿಯರು. ಡ್ರಿಲ್ಲಿನ ತುದಿಗೆ ನೀರು ಬಿಟ್ಟರೆ ಧೂಳು ಅಲ್ಲೇ ಕೆಸರಾಗಿ ಕೂರುತ್ತದೆ ಎಂಬುದು ಆಗಲೂ ಗೊತ್ತಿದ್ದ ವಿಷಯ.

ಹಾಗಾದರೆ ಬೆಲ್ಲದ ‘ಸಂಶೋಧನೆ’?

ಫಾರ್ವರ್ಡುಗಳಲ್ಲಿ ‘ವಿಜ್ಞಾನಿಗಳೂ ಸಾಬೀತುಪಡಿಸಿದ್ದಾರೆ’ ಎಂಬ ಸಾಲು ಇರುತ್ತದೆ. ಅದರ ಬೇರು ಪೂರ್ತಿ ಕಟ್ಟುಕಥೆಯಲ್ಲ. 1994ರಲ್ಲಿ ಲಕ್ನೋದ ಔದ್ಯಮಿಕ ವಿಷವಿಜ್ಞಾನ ಸಂಶೋಧನಾ ಕೇಂದ್ರದ ಇಬ್ಬರು ವಿಜ್ಞಾನಿಗಳು ಒಂದು ಪ್ರಬಂಧ ಪ್ರಕಟಿಸಿದರು. ಧೂಳಿನಲ್ಲಿ ದುಡಿಯುವ ಕೆಲವು ಕಾರ್ಮಿಕರು ಬೆಲ್ಲ ತಿಂದರೆ ತೊಂದರೆಯಾಗುವುದಿಲ್ಲ ಎನ್ನುತ್ತಾರಲ್ಲ, ನೋಡೋಣ ಎಂದು ಇಲಿಗಳ ಶ್ವಾಸನಾಳಕ್ಕೆ ಕಲ್ಲಿದ್ದಲು ಮತ್ತು ಸಿಲಿಕಾ ಪುಡಿ ಹಾಕಿ, ಕೆಲವಕ್ಕೆ ಬೆಲ್ಲ ಕೊಟ್ಟರು. ಬೆಲ್ಲ ತಿಂದ ಇಲಿಗಳಲ್ಲಿ ಶ್ವಾಸಕೋಶದಿಂದ ಕಣಗಳು ಸಾಗುವುದು ಹೆಚ್ಚಾಗಿತ್ತು, ಗಾಯವೂ ಕಡಿಮೆ ಇತ್ತು ಎಂದು ಬರೆದರು.

ಕುತೂಹಲದ ಫಲಿತಾಂಶವೇ. ಆದರೆ ಎರಡು ಮಾತು ಗಮನಿಸಿ. ಕಣಗಳು ಸಾಗಿದ್ದು ಮುಖ್ಯವಾಗಿ ಶ್ವಾಸನಾಳದ ಪಕ್ಕದ ದುಗ್ಧಗ್ರಂಥಿಗಳಿಗೆ. ಅಂದರೆ ದೇಹದಿಂದ ಹೊರಗೆ ಹೋಗಲಿಲ್ಲ, ನಡುಮನೆಯಿಂದ ಅಟ್ಟಕ್ಕೆ ಹೋದವು. ಎರಡನೆಯದು, ಅದು ಇಲಿಗಳ ಪ್ರಯೋಗ. ದಿನಕ್ಕೆ ಎಂಟು ಗಂಟೆಯಂತೆ ಹತ್ತು ವರ್ಷ ಧೂಳು ಕುಡಿದ ಮನುಷ್ಯರಿಗೆ ಬೆಲ್ಲ ಸಿಲಿಕೋಸಿಸ್ ತಪ್ಪಿಸುತ್ತದೆ ಎಂದು ಅದು ಹೇಳುವುದಿಲ್ಲ, ಹೇಳಲು ಬರುವುದೂ ಇಲ್ಲ. ಆ ವಿಜ್ಞಾನಿಗಳನ್ನು ಇದಕ್ಕೆ ದೂರುವಂತಿಲ್ಲ. ‘ಇಲಿಗಳಲ್ಲಿ’ ಎಂಬ ಪದ ದಾರಿಯಲ್ಲಿ ಎಲ್ಲೋ ಕಳಚಿಬಿದ್ದಿದೆ.

ಬೆಲ್ಲ ತಿನ್ನಬೇಡಿ ಎಂದಲ್ಲ. ಸಕ್ಕರೆ ಕಾಯಿಲೆ ಇದ್ದವರು ಬಿಟ್ಟರೆ ಉಳಿದವರು ಧಾರಾಳವಾಗಿ ತಿನ್ನಲಿ. ನನ್ನ ತಕರಾರು ಇರುವುದು ಬೆಲ್ಲವನ್ನು ಮಾಸ್ಕಿನ ಜಾಗದಲ್ಲಿ ಇಡುವುದಕ್ಕೆ. ಒಂದು ಕೆಜಿ ಬೆಲ್ಲ ತಂದಿಟ್ಟು, ನೀರಿನ ಪೈಪು ಹಾಕಿಸದೆ ಇರುವುದು ಮೇಸ್ತ್ರಿಗೆ ಅಗ್ಗದ ವ್ಯವಹಾರ. ದುಡಿಯುವವನಿಗಲ್ಲ.

ಕ್ಷಯದ ಜೊತೆ ಗೋಜಲು

ಇಲ್ಲಿ ಮ್ಯಾಕ್ರೋಫೇಜಿನ ಕಥೆಗೆ ಇನ್ನೊಂದು ತಿರುವಿದೆ. ಕ್ಷಯದ ಬ್ಯಾಕ್ಟೀರಿಯಾ ವಾಸಮಾಡುವುದೂ ಇದೇ ಕೋಶದೊಳಗೆ. ನುಂಗಿಸಿಕೊಂಡ ಮೇಲೆ ಅದು ಲೈಸೋಸೋಮ್ ಬಂದು ಸೇರದಂತೆ ಕೋಶದ ಸಂಕೇತಗಳನ್ನೇ ಕೆಡಿಸಿ, ಚೀಲದೊಳಗೆ ಆರಾಮಾಗಿ ಕೂರುತ್ತದೆ. ಅಂಥ ಬ್ಯಾಕ್ಟೀರಿಯಾವನ್ನು ಹದ್ದುಬಸ್ತಿನಲ್ಲಿ ಇಡಬೇಕಾದ ಕೋಶಗಳೇ ಸಿಲಿಕಾ ತಿಂದು ಸಾಯುತ್ತಿದ್ದರೆ? ಕಲ್ಲುಪುಡಿಯಲ್ಲಿ ದುಡಿದವರಿಗೆ ಕ್ಷಯ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು.

ತೊಂದರೆ ಏನೆಂದರೆ ಎರಡೂ ಒಂದೇ ಥರ ಕಾಣುತ್ತವೆ. ಕೆಮ್ಮು, ತೂಕ ಇಳಿಯುವುದು, ಏದುಸಿರು, ಎಕ್ಸ್‌ರೇಯಲ್ಲಿ ಚುಕ್ಕೆಗಳು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಎಂದು ತಿಳಿದು ಆರು ತಿಂಗಳ ಮಾತ್ರೆ, ಮತ್ತೆ ಗುಣವಾಗಲಿಲ್ಲವೆಂದು ಇನ್ನಷ್ಟು ಮಾತ್ರೆ ಕೊಡುವುದು ದೇಶದ ಅನೇಕ ಕಲ್ಲುಗಣಿ ಪ್ರದೇಶಗಳಲ್ಲಿ ಕಂಡ ಸಂಗತಿ. ಎರಡೂ ಒಟ್ಟಿಗೇ ಇರುವುದೂ ಉಂಟು, ಆಗ ಕ್ಷಯದ ಮಾತ್ರೆ ಬಿಡುವಂತೆಯೇ ಇಲ್ಲ. ಬೇರೆ ಮಾಡಿ ಹೇಳಬೇಕಾದರೆ ಕಫ ಪರೀಕ್ಷೆ ಬೇಕು, ಎಕ್ಸ್‌ರೇ ಬೇಕು, ಅದಕ್ಕಿಂತ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ನೀವು ಏನು ಕೆಲಸ ಮಾಡುತ್ತಿದ್ದಿರಿ?

ಡಾಕ್ಟರು ಅದನ್ನು ಕೇಳದಿದ್ದರೆ ನೀವೇ ಹೇಳಿ. ‘ಕೂಲಿ’ ಎಂದಷ್ಟೇ ಹೇಳಿದರೆ ಸಾಲದು. ‘ಆರು ವರ್ಷ ಬೋರ್ ಲಾರಿಯಲ್ಲಿದ್ದೆ’, ‘ಗ್ರಾನೈಟ್ ಕತ್ತರಿಸುತ್ತಿದ್ದೆ’, ‘ಕ್ರಷರ್‌ನಲ್ಲಿದ್ದೆ’ ಎಂದು ಬಿಡಿಸಿ ಹೇಳಿ. ಹತ್ತು ವರ್ಷದ ಹಿಂದೆ ಬಿಟ್ಟ ಕೆಲಸವಾದರೂ ಹೇಳಿ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸಿಲಿಕೋಸಿಸ್ ಅಧಿಸೂಚಿತ ಕಾಯಿಲೆಗಳ ಪಟ್ಟಿಯಲ್ಲಿತ್ತು. 1923ರ ಪರಿಹಾರ ಕಾಯ್ದೆಯಲ್ಲೂ ಅದು ಉದ್ಯೋಗದಿಂದ ಬರುವ ಕಾಯಿಲೆಗಳ ಸಾಲಿನಲ್ಲಿತ್ತು. ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಅದನ್ನು ಬಿಟ್ಟಿಲ್ಲ. ಆದರೆ ಕಾಗದದ ಮೇಲೆ ‘ಕ್ಷಯ’ ಎಂದೋ ‘ಆಸ್ತಮಾ’ ಎಂದೋ ಬರೆದರೆ ಪರಿಹಾರದ ಬಾಗಿಲು ತೆರೆಯುವುದಿಲ್ಲ. ಎಲ್ಲಿ, ಯಾವಾಗ, ಎಷ್ಟು ದಿನ ಕೆಲಸ ಮಾಡಿದಿರಿ ಎಂಬುದಕ್ಕೆ ಹಾಜರಿ ಚೀಟಿ, ಕೂಲಿ ಪಾವತಿಯ ಮೆಸೇಜು, ಕೆಲಸದ ಜಾಗದ ಫೋಟೋ ಏನಿದ್ದರೂ ಇಟ್ಟುಕೊಳ್ಳಿ. ಫೋನು ಈ ಕೆಲಸಕ್ಕೂ ಬರುತ್ತದೆ.

ಧೂಳನ್ನು ಹುಟ್ಟುವ ಜಾಗದಲ್ಲೇ ಹಿಡಿಯುವುದು ಮೊದಲ ಉಪಾಯ. ಕೊರೆಯುವಾಗ, ಕತ್ತರಿಸುವಾಗ ನೀರು ಬಿಡುವುದು, ಕ್ರಷರ್ ಬೆಲ್ಟಿಗೆ ನೀರಿನ ಸ್ಪ್ರೇ, ಒಣ ಪೊರಕೆಯಿಂದ ಗುಡಿಸದಿರುವುದು. ಮನೆ ಕಟ್ಟಿಸುತ್ತಿರುವವರು ಟೈಲ್ಸ್ ಕತ್ತರಿಸುವ ಹುಡುಗನ ಪಕ್ಕ ಒಂದು ಬಕೆಟ್ ನೀರು ಇಡಿಸಿ, ಬ್ಲೇಡಿಗೆ ನೀರು ಬೀಳುವಂತೆ ಮಾಡಿಸಿದರೆ ಅಷ್ಟರಮಟ್ಟಿಗೆ ಅವನ ಮ್ಯಾಕ್ರೋಫೇಜುಗಳ ಕೆಲಸ ಕಡಿಮೆ. ಮಾಸ್ಕು ಅದರ ನಂತರದ್ದು, ಅದೂ ಎನ್95 ಅಥವಾ ಅದಕ್ಕಿಂತ ಮೇಲಿನದ್ದು. ಮೂಗಿಗೆ ಕಟ್ಟಿದ ಟವೆಲ್ಲು ಕಣ್ಣಿಗೆ ಕಾಣುವ ಧೂಳನ್ನು ತಡೆಯುತ್ತದೆ, ಗಾಳಿಗೂಡಿಗೆ ಹೋಗುವ 5 ಮೈಕ್ರಾನಿಗಿಂತ ಸಣ್ಣದು ಅದರ ನೂಲುಗಳ ಸಂದಿಯಲ್ಲೇ ನುಸುಳುತ್ತದೆ. ಗಡ್ಡವಿದ್ದರೆ ಎನ್95 ಕೂಡ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ, ಹೊರಗೇ ನೆನೆಸಿಡಿ, ಅದನ್ನು ಒಗೆಯುವವರಿಗೂ ಶ್ವಾಸಕೋಶ ಇದೆ. ಬೀಡಿ ಬಿಟ್ಟರೆ ಆ ಬೀಸುವ ಎಳೆಗಳು ನಿಧಾನಕ್ಕೆ ಚೇತರಿಸಿಕೊಳ್ಳುತ್ತವೆ.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ, ಮೊದಲು ಸಲೀಸಾಗಿ ಹತ್ತುತ್ತಿದ್ದ ಏರಿ ಈಗ ಉಬ್ಬಸ ತರಿಸಿದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಕ್ಷಯಕ್ಕೆ ಕಫ ಪರೀಕ್ಷೆಯೂ ಚಿಕಿತ್ಸೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಳೆಯ ಎಕ್ಸ್‌ರೇ ಇದ್ದರೆ ಮರೆಯದೆ ಒಯ್ಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗಂಟುಗಳು ಬೆಳೆಯುತ್ತಿವೆಯೇ, ಇದ್ದಲ್ಲೇ ಇವೆಯೇ ಎಂಬುದು ಡಾಕ್ಟರಿಗೆ ಕಾಣುತ್ತದೆ.